ಮರೆಯಲಾರದ ಹೊಡೆತ ಯಾವುದು?

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ನಾನು ಕ್ರಿಕೆಟ್ ಬಗ್ಗೆ ಬರೆದಿದ್ದೇನೆ. ಹುಡುಗಿ ಕ್ರಿಕೆಟ್ ಬಗ್ಗೆ ಏನು ಬರೀತಾಳೆ ಅಂತ ನಗಬೇಡಿರಿ. ಪೂರ್ತಿ ಓದಿರಿ, ಆಮೇಲೆ ಬೇಕಾದ್ರ ನಗಿರಿ.

ನಮ್ಮಲ್ಲಿ ಎಲ್ಲರಿಗೂ ಉದ್ದ ಸಿಕ್ಸರ್ ಅಂದ್ರ ಬಹಳ ಪ್ರೀತಿ. ಚೆಂಡು ಎಷ್ಟು ದೂರ ಹೋಯ್ತು ಅಂತ ನೋಡಿ ಹೊಡೆತಕ್ಕೆ ಬೆಲೆ ಕಟ್ಟುತ್ತಾರೆ. ನನ್ನ ಅಭಿಪ್ರಾಯ ಬೇರೆ. ಯಾವ ಹೊತ್ತಿನಲ್ಲಿ ಹೊಡೆದರು, ಯಾರು ಹೊಡೆದರು ಅನ್ನೋದೇ ಮುಖ್ಯ. ಇದಕ್ಕೆ ನಮ್ಮ ಕರ್ನಾಟಕದವರದೇ ಉದಾಹರಣೆ ಕೊಡುತ್ತೇನೆ.

ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಎತ್ತರದ ಆಳಲ್ಲ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ಮೇಲೆ ಟೆಸ್ಟ್ ನಡೆಯಿತು. ಆ್ಯಂಡಿ ರಾಬರ್ಟ್ಸ್ ಎಂಬ ವೇಗದ ಬೌಲರ್ ಒಬ್ಬನೇ 7 ವಿಕೆಟ್ ತೆಗೆದ. ಇಡೀ ತಂಡದ ಮೊತ್ತ 190. ಅದರಲ್ಲಿ ವಿಶ್ವನಾಥ್ ಒಬ್ಬರದೇ 97, ಅದೂ ಔಟಾಗದೆ. ಜೊತೆಗಾರರು ಮುಗಿದರು, ಶತಕ ಆಗಲಿಲ್ಲ. ಆದರೂ ಆ ಪಂದ್ಯ ಭಾರತ ಗೆದ್ದಿತು. ಎಷ್ಟೋ ಜನರ ಶತಕ ಮರೆತು ಹೋಗಿವೆ, ಈ 97 ಮರೆತಿಲ್ಲ.

ಎರಡನೆಯದು 1996ರ ಅಕ್ಟೋಬರ್ 21, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಟೈಟಾನ್ ಕಪ್. ಆಸ್ಟ್ರೇಲಿಯ 215 ರನ್ ಮಾಡಿತ್ತು. ಸಚಿನ್ 88 ಹೊಡೆದು ಔಟಾದಾಗ ನಮ್ಮ ಮೊತ್ತ 8 ವಿಕೆಟ್‌ಗೆ 164. ಇನ್ನೂ 52 ಬೇಕು. ಉಳಿದವರು ಯಾರು? ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ. ಇಬ್ಬರೂ ಬೌಲರ್‌ಗಳು! ಆಟ ಮುಗೀತು ಅಂತ ಎಷ್ಟೋ ಮನೆಗಳಲ್ಲಿ ಟಿ.ವಿ. ಬಂದ್ ಮಾಡಿರಬಹುದು. ಆದರೆ ಶ್ರೀನಾಥ್ 30, ಕುಂಬ್ಳೆ 16 ಹೊಡೆದು, ಔಟಾಗದೆ, ಇನ್ನೂ 7 ಎಸೆತ ಇರುವಾಗಲೇ ಗೆಲ್ಲಿಸಿಬಿಟ್ಟರು. 30 ಮತ್ತು 16 ದೊಡ್ಡ ಅಂಕಿ ಏನಲ್ಲ. ಆದರೆ ಆ ದಿನ ಅದಕ್ಕಿಂತ ದೊಡ್ಡದು ಯಾವುದಿತ್ತು ಹೇಳಿರಿ?

ಮೂರನೆಯದು ರಾಹುಲ್ ದ್ರಾವಿಡ್ ಅವರದು. 2003ರ ಡಿಸೆಂಬರ್, ಆಸ್ಟ್ರೇಲಿಯದ ಅಡಿಲೇಡ್. ಮೊದಲ ಸಲ ಬ್ಯಾಟ್ ಹಿಡಿದಾಗ 233, ಎರಡನೇ ಸಲ ಔಟಾಗದೆ 72. ಕೊನೆಗೆ ಕಟ್ ಮಾಡಿ ಬೌಂಡರಿ ಹೊಡೆದು ಗೆಲ್ಲಿಸಿದರು. ಆ ಚೆಂಡಿನ ಹಿಂದೆ ಓಡಿದವರು ಆಸ್ಟ್ರೇಲಿಯದ ಕ್ಯಾಪ್ಟನ್ ಸ್ಟೀವ್ ವಾ. ಅವರೇ ಚೆಂಡು ಎತ್ತಿಕೊಂಡು ಬಂದು ದ್ರಾವಿಡ್ ಕೈಗೆ ಕೊಟ್ಟರು. ಕ್ಯಾಪ್ಟನ್ ಆದವರು, ಸೋತವರು, ತಾವೇ ಚೆಂಡು ತಂದರು. ಇದನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಈಗ ಹೆಣ್ಣುಮಕ್ಕಳ ಮಾತು. ಕರ್ನಾಟಕದ ಶಾಂತಾ ರಂಗಸ್ವಾಮಿ 1977ರಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 108 ಹೊಡೆದರು. ಟೆಸ್ಟ್‌ನಲ್ಲಿ ಭಾರತದ ಮಹಿಳೆಯೊಬ್ಬರು ಹೊಡೆದ ಮೊದಲ ಶತಕ ಅದು. ಅದಕ್ಕೂ ಮುಂಚೆ 1976ರಲ್ಲಿ ಪಟ್ನಾದಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಗೆದ್ದಾಗ ಕ್ಯಾಪ್ಟನ್ ಅವರೇ. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ಹೊಡೆದರು. ಆ ಪಂದ್ಯ ಗೆದ್ದೇ ಭಾರತ ಸೆಮಿಫೈನಲ್‌ಗೆ ಹೋಯಿತು. ನಮ್ಮ ತರಗತಿಯಲ್ಲಿ ವಿರಾಟ್ ಕೊಹ್ಲಿ ಹೆಸರು ಎಲ್ಲರಿಗೂ ಗೊತ್ತು. ಈ ಎರಡು ಹೆಸರು ಎಷ್ಟು ಜನರಿಗೆ ಗೊತ್ತು?

ಅಮೆರಿಕಾದಲ್ಲಿ ಬೇಸ್‌ಬಾಲ್ ಅಂತ ಒಂದು ಆಟ ಇದೆ. ಅದರಲ್ಲಿ ನಮ್ಮ ಸಿಕ್ಸರ್ ಹಾಗೆ ಚೆಂಡನ್ನು ಬೇಲಿ ದಾಟಿಸಿದರೆ ಹೋಮ್ ರನ್ ಅಂತಾರೆ. ಹ್ಯಾಂಕ್ ಆ್ಯರನ್ ಎಂಬ ಕಪ್ಪು ಆಟಗಾರ 1974ರ ಏಪ್ರಿಲ್ 8ರಂದು ತನ್ನ 715ನೇ ಹೋಮ್ ರನ್ ಹೊಡೆದು, ಬೇಬ್ ರೂತ್ ಅವರ 714ರ ದಾಖಲೆ ಮುರಿದರು. ಬಡ ಮನೆಯ ಹುಡುಗ. ಸಣ್ಣವರಿದ್ದಾಗ ಬಾಟಲಿ ಮುಚ್ಚಳವನ್ನು ಕೋಲಿನಿಂದ ಹೊಡೆದು ಕಲಿತವರು, ನಾವು ಗಿಲ್ಲಿ-ದಾಂಡು ಆಡಿದ ಹಾಗೆ. ಕಪ್ಪು ಮನುಷ್ಯ ಆ ದಾಖಲೆ ಮುರಿಯಬಾರದು ಅಂತ ಎಷ್ಟೋ ಜನ ಬೆದರಿಕೆ ಪತ್ರ ಬರೆದರು. ಅವರು ಬ್ಯಾಟ್ ಕೆಳಗೆ ಇಡಲಿಲ್ಲ.

ಆ ಆಟದಲ್ಲಿ ಒಂದು ಒಳ್ಳೆ ನಿಯಮ ಇದೆ. ಒಂಬತ್ತು ಜನ ಸರದಿ ಪ್ರಕಾರವೇ ಬ್ಯಾಟ್ ಹಿಡಿಯಬೇಕು. ಚೆನ್ನಾಗಿ ಹೊಡೀತಾನೆ ಅಂತ ಒಬ್ಬನನ್ನೇ ಮತ್ತೆ ಮತ್ತೆ ಕಳಿಸೋಹಾಗಿಲ್ಲ.

ಇನ್ನು ನಮ್ಮ ಆಟ ನೋಡಿರಿ. ಬ್ಯಾಟ್ ಯಾರದೋ ಅವರದೇ ಮೊದಲ ಬ್ಯಾಟಿಂಗ್. ಆಮೇಲೆ ಅವರ ಗೆಳೆಯರದು. ಐದನೇ ತರಗತಿಯ ಸಣ್ಣವರು ಮತ್ತು ನಾವು ಹುಡುಗಿಯರು ಬೌಂಡರಿ ಹತ್ತಿರ ನಿಲ್ಲಬೇಕು. ಚೆಂಡು ತೊಗರಿ ಹೊಲಕ್ಕೆ ಬಿದ್ದರೆ "ಏ, ಓಡು, ಚೆಂಡ ತಾ" ಅಂತಾರೆ. ನಮ್ಮ ಸರದಿ ಕೇಳಿದರೆ "ನಾಳಿ ಕೊಡ್ತೀವಿ" ಅಂತಾರೆ. ಆ ನಾಳೆ ಬರೋದ್ರೊಳಗೆ ಗಂಟೆ ಹೊಡೀತದೆ.

"ನಿಮಗ ಬ್ಯಾಟ್ ಕೊಟ್ರ ಆಟ ಸೋಲ್ತೀವಿ" ಅಂತ ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಬ್ಯಾಟ್ ಹಿಡಿಯದವರಿಗೆ ಹೊಡೆಯಲು ಬರೋದಿಲ್ಲ. ಆದರೆ ಹೊಡೆಯಲು ಬರೋದಿಲ್ಲ ಅಂತ ಬ್ಯಾಟ್ ಕೊಡದಿದ್ದರೆ ಕಲಿಯೋದು ಯಾವಾಗ? ಬೌಲರ್‌ಗಳಿಗೆ ಬ್ಯಾಟ್ ಯಾಕೆ ಅಂತ ಶ್ರೀನಾಥ್, ಕುಂಬ್ಳೆ ಅವರಿಗೆ ಅಭ್ಯಾಸವನ್ನೇ ಕೊಡದಿದ್ದರೆ ಆ 52 ರನ್ ಎಲ್ಲಿಂದ ಬರುತ್ತಿದ್ದವು? ಎಂಟು ಜನ ಔಟಾದ ಮೇಲೆ ತಂಡಕ್ಕೆ ಬೇಕಾಗುವವರು ಕೊನೆಯವರೇ.

ಆದ್ದರಿಂದ ನನ್ನದು ಮೂರು ಸಲಹೆ. ಒಂದು, ಚೀಟಿ ಎತ್ತಿ ಸರದಿ ನಿಶ್ಚಯ ಮಾಡೋಣ, ಬ್ಯಾಟ್ ಯಾರದೇ ಇರಲಿ. ಎರಡು, ಔಟಾಗದಿದ್ದರೂ ಒಬ್ಬರಿಗೆ ಎರಡು ಓವರ್ ಸಾಕು. ಮೂರು, ಹೊಲಕ್ಕೆ ಹೋದ ಚೆಂಡನ್ನು ಹೊಡೆದವರೇ ತರಬೇಕು. ಸ್ಟೀವ್ ವಾ ತಂದರು, ನಮ್ಮ ಕ್ಯಾಪ್ಟನ್‌ಗೆ ಏನು ನಾಚಿಕೆ? ಆಟದ ಪಿರಿಯಡ್‌ನಲ್ಲಿ ಗುರುಗಳು ಈ ನಿಯಮ ಹಾಕಿದರೆ ಬಹಳ ಒಳ್ಳೆಯದು ಅಂತ ವಿನಂತಿ.

ಮರೆಯಲಾರದ ಹೊಡೆತ ಟಿ.ವಿ.ಯಲ್ಲಿ ಮಾತ್ರ ಇರಬೇಕಾ? ನಮ್ಮ ಬಯಲಲ್ಲೂ ಒಂದು ಆಗಬಹುದು. ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಹಚ್ಚಿರಿ, ನಾನು ಓದುತ್ತೇನೆ.

— ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ