ಮಾಂಸ ಬಿಟ್ಟ ಮಗು ಮನೆಗೆ ಹೊರಗಿನವನಾಗಬಾರದು

ನಮ್ಮ ಸಮಾಜದ ಮನೆಗಳಲ್ಲಿ ಹುಟ್ಟಿದವರು ಸಸ್ಯಾಹಾರದ ಬಗ್ಗೆ ಎಂದೂ ನಿರ್ಧಾರ ಮಾಡಬೇಕಾಗಿ ಬಂದಿಲ್ಲ. ಅಜ್ಜಿಯ ಅಡುಗೆಮನೆಯಿಂದ ಅದು ಪಿತ್ರಾರ್ಜಿತ ಆಸ್ತಿಯಂತೆ ಬಂದಿದೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೆಲವು ಮನೆಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಹದಿಮೂರು ಹದಿನಾಲ್ಕರ ಮಕ್ಕಳು ತಾಯಿಯ ಎದುರು ನಿಂತು "ನಾನು ಇನ್ನು ಮೀನು, ಕೋಳಿ ತಿನ್ನಲ್ಲ" ಎಂದು ಹೇಳಬೇಕಾಗುತ್ತದೆ. ಇವರು ದೀವರ, ಒಕ್ಕಲಿಗರ, ಮಡಿವಾಳರ, ದಲಿತರ ಮನೆಯ ಮಕ್ಕಳು. ಕೆಲವರು ಶಾಲೆಗೆ ಹೋಗುವ ದಾರಿಯ ಕೋಳಿ ಅಂಗಡಿ ನೋಡಿ ಬಿಟ್ಟವರು. ಇನ್ನು ಕೆಲವರು ಮಠಗಳ ಪ್ರಸಾದ ನಿಲಯದಲ್ಲಿದ್ದು ಓದುವವರು. ಅಲ್ಲಿ ಹತ್ತು ತಿಂಗಳು ಅನ್ನ ಸಾರು ಮುದ್ದೆ ಉಂಡು, ಬೆಳಗು ಸಂಜೆ ಪ್ರಾರ್ಥನೆ ಮಾಡಿ, ವಚನ ಕಲಿತು ಊರಿಗೆ ಬರುತ್ತಾರೆ. ಹಾಗಾಗಿ ಈ ಮಾತು ನಮಗೂ ಸಂಬಂಧಿಸಿದ್ದು.

ಇಂಥ ಮಗುವಿನ ಸುದ್ದಿ ಕೇಳಿದರೆ ನಮ್ಮವರಿಗೆ ಸಂತೋಷವಾಗುತ್ತದೆ. ನನಗೂ ಆಗುತ್ತದೆ. ಬಲಿಗೆಂದು ತಂದ ಕುರಿಯನ್ನು ಕಂಡು ಬಸವಣ್ಣನವರು ನುಡಿದ ವಚನ ಮಗುವಿನ ಮನಸ್ಸಿಗೆ ತಟ್ಟಿದೆ ಎಂದರೆ ಯಾರಿಗೆ ಸಂತೋಷವಾಗದು? ನನ್ನ ತಕರಾರಿರುವುದು ಆ ಸಂತೋಷವನ್ನು ನಾವು ತೋರಿಸುವ ರೀತಿಯ ಬಗ್ಗೆ. ಹುಡುಗನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. "ಇಂಥ ಮನೆಯಲ್ಲಿ ಹುಟ್ಟಿಯೂ ಇಷ್ಟು ಶುದ್ಧನಾಗಿದ್ದಾನೆ" ಎನ್ನುತ್ತೇವೆ. ಕೆಳಗೆ ಕೊನೆಯ ಸಾಲಿನಲ್ಲಿ ಕುಳಿತ ಅವನ ತಾಯಿಗೆ ಆ ವಾಕ್ಯದ ಪೂರ್ವಾರ್ಧ ಮಾತ್ರ ಕೇಳಿಸುತ್ತದೆ.

ಲೋಕೋಪಯೋಗಿ ಇಲಾಖೆಯ ಕೆಲಸದಲ್ಲಿ ನಾನು ಈ ಮೂರೂ ತಾಲ್ಲೂಕುಗಳ ರಸ್ತೆ, ಮೋರಿ, ಕಿರುಸೇತುವೆಗಳ ಮೇಲೆ ವರ್ಷಗಟ್ಟಲೆ ತಿರುಗಿದವನು. ಮಳೆಗಾಲದ ಮಲೆನಾಡಿನ ಅಡುಗೆಮನೆ ಹೇಗಿರುತ್ತದೆ ಎಂಬುದು ಬಯಲುಸೀಮೆಯ ಓದುಗರಿಗೆ ಗೊತ್ತಿರಲಾರದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಹೊಸನಗರದ ಹುಲಿಕಲ್ ಕಡೆಯೂ ಅಷ್ಟೇ ಜೋರು. ಜೂನ್ ತಿಂಗಳಿನಿಂದ ಮೂರು ತಿಂಗಳು ಹಿತ್ತಲಲ್ಲಿ ತರಕಾರಿ ನಿಲ್ಲುವುದಿಲ್ಲ. ಕೂಲಿಯೂ ಇಲ್ಲ. ಆಗ ಬಡವರ ಮನೆಯಲ್ಲಿ ಅನ್ನದ ಜೊತೆ ಏನಿರುತ್ತದೆ? ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಹತ್ತುಮೀನು, ಹಳ್ಳದ ಏಡಿ, ಅದಿಲ್ಲದಿದ್ದರೆ ಬೇಸಿಗೆಯಲ್ಲೇ ಸಂತೆಯಿಂದ ತಂದಿಟ್ಟ ಒಣಮೀನು. ಇವುಗಳ ಜೊತೆ ಕಳಲೆ, ಕೆಸುವಿನ ಸೊಪ್ಪು, ಹಲಸಿನ ಬೀಜ. ಹಳ್ಳದ ಮೀನಿಗೆ ದುಡ್ಡು ಕೊಡಬೇಕಿಲ್ಲ, ತೊಗರಿಬೇಳೆಗೆ ಕೊಡಬೇಕು. ಮಗಳು ಮೀನು ಬೇಡ ಎಂದಾಗ ತಾಯಿಗೆ ಮೊದಲು ಹೊಳೆಯುವುದು ಈ ಲೆಕ್ಕ. ಧರ್ಮದ ಪ್ರಶ್ನೆ ಆಮೇಲೆ.

ಹೊಸನಗರದ ಕಡೆ ನಮ್ಮ ರಸ್ತೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸು ಒಮ್ಮೆ ಊಟದ ಹೊತ್ತಿನಲ್ಲಿ ಮಗಳ ವಿಷಯ ತೆಗೆದಳು. ಹುಡುಗಿ ಒಂಬತ್ತನೇ ತರಗತಿ. ಏಡಿ ಸಾರು ಮಾಡಿದ ದಿನ ಬರೀ ಅನ್ನಕ್ಕೆ ಉಪ್ಪು ಹಾಕಿಕೊಂಡು ತಿಂದಳಂತೆ. "ಎಂತದೇ, ನಮ್ಮನೆ ಊಟ ನಿಂಗೀಗ ಬ್ಯಾಡಾತಾ?" ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವಂತೆ. "ತಿನ್ನದಿದ್ರೆ ಬಿಡ್ಲಿ ಸಾರ್. ನಾನು ಬಡಿಸಿದ ಸೌಟು ನೋಡಿ ಮುಖ ಸಿಂಡರಿಸಿದ್ಲಲ್ಲ, ಅದು ಯಾರು ಹೇಳಿಕೊಟ್ಟಿದ್ದು?" ಎಂದಳು. ನನ್ನ ಕೊರಳಲ್ಲಿ ಲಿಂಗವಿರುವುದು ಅವಳಿಗೆ ಗೊತ್ತಿತ್ತು. ಆ ಪ್ರಶ್ನೆ ನನ್ನನ್ನೇ ಕೇಳಿದ್ದು ಎಂದು ನಾನು ತಿಳಿದಿದ್ದೇನೆ.

ಈ ಭಾಗದಲ್ಲಿ ಆ ಪ್ರಶ್ನೆಗೆ ಇನ್ನೂ ಒಂದು ಭಾರವಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ ಹೊತ್ತಿಕೊಂಡ ಜಗಳ ಅದು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿದಾರರು ದೀವರು, ಭೂಮಾಲೀಕರು ಲಿಂಗಾಯತರು. ಈ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ, ಎತ್ತಬೇಕು. ಕೊಳಗದ ಕಾಲ ಹೋಯಿತು, ಉಳುವವನೇ ಒಡೆಯನಾದ. ಆದರೆ ಒಡೆಯರ ಜಗಲಿಯ ಕೆಳಗೆ ನಿಂತ ಅಜ್ಜನ ನೆನಪು ಆ ಮನೆಗಳಲ್ಲಿ ಇನ್ನೂ ಇದೆ. ಅಂಥ ಮನೆಯ ಮೊಮ್ಮಗಳು ಬಂದು "ನಮ್ಮ ಊಟ ಹೊಲಸು" ಎಂದರೆ, ಅದು ಅವರ ಕಿವಿಗೆ ಹಳೆಯ ಜಗಲಿಯ ಮೇಲಿನ ದನಿಯಾಗಿಯೇ ಕೇಳಿಸುತ್ತದೆ. ಬಸವಣ್ಣನವರ ದನಿಯಾಗಿ ಕೇಳಿಸುವುದಾದರೂ ಹೇಗೆ?

ಕಲ್ಯಾಣಕ್ಕೆ ಬಂದ ಶರಣರಲ್ಲಿ ಎಷ್ಟು ಜನ ಹುಟ್ಟಾ ಸಸ್ಯಾಹಾರಿಗಳು? ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ ಇವರೆಲ್ಲ ಎಂಥ ಕಾಯಕದ ಮನೆಗಳಿಂದ ಬಂದವರು ಎಂಬುದು ಹೆಸರಿನಲ್ಲೇ ಇದೆ. ಬಸವಣ್ಣನವರು ಚೆನ್ನಯ್ಯ, ಕಕ್ಕಯ್ಯರನ್ನು ತಮ್ಮ ಹಿರಿಯರೆಂದೇ ಕರೆದುಕೊಂಡರು. ಎಂಟುನೂರು ವರ್ಷಗಳಾದ ಮೇಲೆ ಅಂಥದೇ ಮನೆಯ ಮಗು ಸ್ವಂತ ಇಚ್ಛೆಯಿಂದ ಮಾಂಸ ಬಿಟ್ಟರೆ ಅದು ನಮಗಿಂತ ಶರಣರಿಗೆ ಹತ್ತಿರದಲ್ಲಿದೆ. ಅದು ಬಿಟ್ಟು ಪಡೆದಿದೆ, ನಾವು ಪಡೆದೇ ಹುಟ್ಟಿದವರು. ಆದರೆ ಅದೇ ಮಗುವಿಗೆ "ಭವಿ ಮನೆಯಲ್ಲಿ ಉಣ್ಣಬೇಡ" ಎಂದು ಹೇಳಿಕೊಡುವವರು ನಮ್ಮಲ್ಲಿದ್ದಾರೆ. ಹಾಗೆ ಹೇಳಿದಾಗ ಆಗುವುದೇನು? ತಂದೆ ತಾಯಿ ಒಂದು ಸಾಲು, ಮಗು ಇನ್ನೊಂದು ಸಾಲು. ಯಾವ ಪಂಕ್ತಿಭೇದವನ್ನು ಅಳಿಸಲು ದಾಸೋಹ ಹುಟ್ಟಿತೋ ಅದನ್ನೇ ಮೂರು ಜನರ ಒಂದು ಮನೆಯೊಳಗೆ ತಂದು ನಿಲ್ಲಿಸಿದಂತೆ. ಲಿಂಗ ಕಟ್ಟಿದ ಮಗು ಆ ಒಲೆಯ ಅನ್ನ ಹೇಗೆ ಉಣ್ಣಬೇಕು ಎಂದು ಕೇಳುವ ಹಿರಿಯರಿಗೆ ನನ್ನ ಉತ್ತರ ಸರಳವಾಗಿದೆ: ಒಂದು ಬೇರೆ ಪಾತ್ರೆ, ಒಂದು ಬೇರೆ ಸೌಟು ಸಾಕು. ಅದನ್ನು ಮಗುವೇ ತೊಳೆಯಲಿ. ಕೂರುವುದು ಮಾತ್ರ ಅಪ್ಪನ ಪಕ್ಕದಲ್ಲೇ.

ಹೇಳುವುದಕ್ಕೂ ಒಂದು ಹೊತ್ತಿದೆ. ಹಬ್ಬದ ದಿನ ನೆಂಟರೆಲ್ಲ ಕುಳಿತು ಎಲೆಗೆ ಬಡಿಸಿದ ಮೇಲೆ ಹೇಳಿದರೆ ಅದು ತಾಯಿಗೆ ಅವಮಾನ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವಾಗ ಈ ಮನೆಗಳು ಊರಿನ ನೆಂಟರಿಂದ ತುಂಬಿರುತ್ತವೆ. ಅಂದು ಬಾಯಿ ಬಿಡಬಾರದು. ಒಲೆ ಹಚ್ಚುವ ಮುಂಚೆ, ತಾಯಿ ಒಬ್ಬಳೇ ಇರುವಾಗ, ಪಕ್ಕದಲ್ಲಿ ಕುಳಿತು ಹೇಳಬೇಕು. "ಪಾಪ" ಎಂಬ ಶಬ್ದ ಬೇಡ. "ನಂಗೆ ತಿನ್ನಕ್ಕೆ ಮನಸ್ಸು ಬರಲ್ಲ ಅಮ್ಮ, ನನ್ ಪಲ್ಯ ನಾನೇ ಮಾಡ್ಕೊಳ್ತೀನಿ" ಎಂದರೆ ಸಾಕು. ಅಪ್ಪನಿಗೆ ಅಮ್ಮನೇ ಹೇಳುತ್ತಾಳೆ. ಒಂದು ವಾರ ಗೊಣಗುತ್ತಾರೆ, "ಎಷ್ಟು ದಿನ ನೋಡಣ" ಎನ್ನುತ್ತಾರೆ. ಗೊಣಗಲಿ.

ತಾಯಂದಿರ ಇನ್ನೊಂದು ಹೆದರಿಕೆ ಮಗು ಸೊರಗುತ್ತದೆ ಎಂಬುದು. ಇದನ್ನು ಅಜ್ಞಾನ ಎಂದು ತಳ್ಳಿಹಾಕುವವರು ಲೆಕ್ಕ ನೋಡಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ 13ರಿಂದ 15ರ ಹುಡುಗಿಗೆ ದಿನಕ್ಕೆ ಸುಮಾರು 43 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ. ಹುರುಳಿಯಲ್ಲಿ ನೂರು ಗ್ರಾಂಗೆ ಇಪ್ಪತ್ತಕ್ಕೂ ಹೆಚ್ಚು, ಒಂದು ದೊಡ್ಡ ಲೋಟ ಹಾಲಿನಲ್ಲಿ ಏಳೆಂಟು. ಮೀನು ಬಿಟ್ಟು ಬರೀ ಅನ್ನ ತಿಳಿಸಾರು ಉಂಡರೆ ಈ ಲೆಕ್ಕ ಕೂಡುವುದಿಲ್ಲ. ಕಾಳು ದಿನವೂ ಇರಬೇಕು. ಬಿ-12 ಜೀವಸತ್ವ ಸೊಪ್ಪು ಕಾಳುಗಳಲ್ಲಿ ಸಿಗುವುದಿಲ್ಲ, ಹಾಲು ಮೊಸರಿನಲ್ಲಿ ಸಿಗುತ್ತದೆ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಗೆ ನಿಂಬೆಯೋ ನೆಲ್ಲಿಯೋ ಬೇಕು. ತಲತಲಾಂತರದಿಂದ ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಹಾಲು, ಮೊಸರು, ಕಾಳು, ಕಡಲೆಬೀಜಗಳ ವ್ಯವಸ್ಥೆ ತಾನಾಗಿ ಬೆಳೆದುಬಂದಿದೆ. ಹೊಸದಾಗಿ ಬಿಟ್ಟ ಮಗುವಿನ ಮನೆಯಲ್ಲಿ ಆ ವ್ಯವಸ್ಥೆ ಇಲ್ಲ, ಕರೆಯುವ ಹಸುವೂ ಇರಲಿಕ್ಕಿಲ್ಲ. ಆ ಮನೆಗೆ ಉಪದೇಶ ಕೊಡುವ ಮೊದಲು ಅರ್ಧ ಲೀಟರ್ ಹಾಲಿನ ವರ್ತನೆ ಹಿಡಿಸಿಕೊಟ್ಟರೆ ಒಳ್ಳೆಯದು.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ನೋಡಬೇಕು. ಶಾಲೆಯ ಬಿಸಿಯೂಟದಲ್ಲಿ ಈಗ ಮೊಟ್ಟೆ ಇದೆ. ಬೇಡವೆಂದವರಿಗೆ ಬಾಳೆಹಣ್ಣು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ವಿತರಣೆಗೆ ಕೆಲವು ಮಠಾಧೀಶರು ವಿರೋಧ ವ್ಯಕ್ತಪಡಿಸಿದಾಗ ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಎದುರು ನಿಂತು ಮಾತಾಡಿದ್ದು ರಾಜ್ಯವೆಲ್ಲ ನೋಡಿತು. ಪಕ್ಕದವಳ ತಟ್ಟೆಯ ಮೊಟ್ಟೆ ತಿಂದು ರುಚಿ ಕಂಡ ನಮ್ಮ ಹುಡುಗರೂ ಇದ್ದಾರೆ. ಅವರೂ ಒಂದು ದಿನ ತಾಯಿಯ ಎದುರು ನಿಂತು ಹೇಳಬೇಕಾಗುತ್ತದೆ. ನನ್ನ ಮನಸ್ಸಿಗೆ ಅದು ಹಿತವಲ್ಲ, ಹಾಗೆಂದು ಮುಚ್ಚಿಡುವುದೂ ಇಲ್ಲ. ಆದರೆ ದೀವರ ತಾಯಿಯಿಂದ ನಾವು ಯಾವ ತಾಳ್ಮೆಯನ್ನು ಕೇಳುತ್ತೇವೋ ಅದೇ ತಾಳ್ಮೆಯನ್ನು ಆ ದಿನ ನಾವೂ ತೋರಿಸಬೇಕಾಗುತ್ತದೆ. ಕೊಡುವಾಗ ಒಂದು ಕೊಳಗ, ತೆಗೆದುಕೊಳ್ಳುವಾಗ ಇನ್ನೊಂದು ಕೊಳಗ ನಡೆಯುವುದಿಲ್ಲ.

ಪ್ರಸಾದ ನಿಲಯ ನಡೆಸುವ ಪೂಜ್ಯರಲ್ಲಿ ನನ್ನದೊಂದು ವಿನಂತಿ. ರಜೆಗೆ ಮಕ್ಕಳನ್ನು ಕಳಿಸುವ ಮುಂಚಿನ ವಾರ ದಿನಕ್ಕೊಂದು ಗಂಟೆ ಅವರನ್ನು ಅಡುಗೆಮನೆಗೆ ಬಿಡಿ. ಹುಡುಗರನ್ನೂ ಬಿಡಿ. ನಿಲಯದ ಅಡುಗೆಯವರು ಹುರುಳಿ ಸಾರು, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಮಾಡುವುದನ್ನು ಕೈಹಿಡಿದು ಕಲಿಸಲಿ. ಊರಿಗೆ ಹೋಗುವ ದಿನ ಪ್ರತಿ ಮಗುವಿನ ಚೀಲದಲ್ಲಿ ಎರಡು ಸೇರು ಹುರುಳಿ ಇರಲಿ. ಮನೆ ತಲುಪಿದ ಸಂಜೆ ಆ ಸಾರು ಮಾಡಿ ಮೊದಲು ಅಮ್ಮನಿಗೆ ಬಡಿಸಲಿ.