ಮೂರು ಹಂತದ ನೆರವು, ಮೊದಲ ಹಂತದ ಹೊಣೆ

ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವಿಗೂ ತರಗತಿಯಲ್ಲಿ ನಿಭಾಯಿಸಲು ಕಷ್ಟವಾಗುವ ಮಗುವಿಗೂ ಯಾವಾಗ, ಎಷ್ಟು ನೆರವು ಬೇಕೆಂಬುದನ್ನು ಶಿಕ್ಷಕರ ಅಂದಾಜಿಗೆ ಬಿಡದೆ, ಮೊದಲೇ ಗೊತ್ತುಮಾಡಿದ ಹಂತಗಳಲ್ಲಿ ಒದಗಿಸುವ ಪದ್ಧತಿ ಅಮೆರಿಕದ ಶಾಲೆಗಳಲ್ಲಿ ಬೇರೂರಿದೆ. ಎಂಟಿಎಸ್‌ಎಸ್ ಎಂಬುದು ಅದರ ಹೆಸರು; ಬಹುಹಂತದ ಬೆಂಬಲ ವ್ಯವಸ್ಥೆ ಎನ್ನಬಹುದು. ಮೊದಲ ಹಂತ ಎಲ್ಲ ಮಕ್ಕಳಿಗೂ ಸಿಗುವ ದಿನನಿತ್ಯದ ಪಾಠ. ಅದು ಸಾಲದವರಿಗೆ ಸಣ್ಣ ಗುಂಪಿನ ಹೆಚ್ಚುವರಿ ಪಾಠ. ಅದೂ ಸಾಲದ ಕೆಲವರಿಗೆ ಒಬ್ಬೊಬ್ಬರಿಗೇ ಹೊಂದಿಸಿದ ತೀವ್ರ ನೆರವು. ಕೈಪಿಡಿಗಳಲ್ಲಿ ಇದನ್ನು ಪಿರಮಿಡ್ಡಿನಂತೆ ಬರೆದು 80, 15, 5 ಎಂದು ಶೇಕಡಾವಾರು ಹಂಚಿರುತ್ತಾರೆ. ಈ ಅಂಕಿಗಳು ಯಾವುದೇ ಶಾಲೆಯ ಲೆಕ್ಕವಲ್ಲ, ಮೊದಲ ಹಂತ ಚೆನ್ನಾಗಿ ನಡೆದರೆ ಹೀಗಾಗಬೇಕು ಎಂಬ ನಿರೀಕ್ಷೆ. ಈ ಸೂಕ್ಷ್ಮವನ್ನು ಮರೆತಲ್ಲೆಲ್ಲ ಪದ್ಧತಿ ಎಡವಿದೆ.

ಮೂರು ಹಂತದ ಯೋಚನೆ ಬಂದದ್ದು ಸಾರ್ವಜನಿಕ ಆರೋಗ್ಯದಿಂದ. ರೋಗ ಬಾರದಂತೆ ಎಲ್ಲರಿಗೂ ಕಾಪು, ಬರುವ ಲಕ್ಷಣವಿದ್ದವರಿಗೆ ಬೇಗ ಆರೈಕೆ, ಬಂದವರಿಗೆ ಚಿಕಿತ್ಸೆ ಎಂಬ ವಿಂಗಡಣೆಯನ್ನು ಮನೋವೈದ್ಯ ಜೆರಾಲ್ಡ್ ಕ್ಯಾಪ್ಲನ್ 1964ರಲ್ಲಿ ಮಾನಸಿಕ ಆರೋಗ್ಯಕ್ಕೆ ಅನ್ವಯಿಸಿದರು. ಶಾಲೆಗೆ ಅದು ಬರಲು ಕಾನೂನಿನ ಒತ್ತಡ ಬೇಕಾಯಿತು. ಅಂಗವಿಕಲ ಮಕ್ಕಳ ಶಿಕ್ಷಣಕ್ಕಾಗಿ ಅಮೆರಿಕ 1975ರಲ್ಲಿ ಕಾಯ್ದೆ ಮಾಡಿದ ಮೇಲೆ, ಕಲಿಕಾ ನ್ಯೂನತೆಯನ್ನು ಗುರುತಿಸಲು ಐಕ್ಯು ಅಂಕಕ್ಕೂ ಓದು-ಬರಹದ ಅಂಕಕ್ಕೂ ದೊಡ್ಡ ಅಂತರವಿರಬೇಕು ಎಂಬ ಅಳತೆ ಬಳಕೆಗೆ ಬಂತು. ಒಂದನೇ ತರಗತಿಯಲ್ಲಿ ಅಕ್ಷರ ಕೂಡಿಸಲು ತಿಣುಕುವ ಮಗುವಿನಲ್ಲಿ ಆ ಅಂತರ ಇನ್ನೂ ಕಾಣುವುದಿಲ್ಲ. ಅದು ಕಾಣುವಷ್ಟು ದೊಡ್ಡದಾಗುವ ಹೊತ್ತಿಗೆ ಮಗು ಮೂರನೆಯದೋ ನಾಲ್ಕನೆಯದೋ ತರಗತಿಗೆ ಬಂದು, ತಾನು ದಡ್ಡ ಎಂದು ನಂಬಿಬಿಟ್ಟಿರುತ್ತದೆ. ಸೋಲಲೆಂದು ಕಾಯುವ ಈ ಕ್ರಮವನ್ನು 2004ರ ತಿದ್ದುಪಡಿ ಸಡಿಲಿಸಿತು. ಅಂತರದ ಅಳತೆ ಕಡ್ಡಾಯವಲ್ಲ, ಒಳ್ಳೆಯ ಬೋಧನೆಗೆ ಮಗು ಹೇಗೆ ಸ್ಪಂದಿಸುತ್ತದೆ ಎಂಬುದನ್ನೂ ನೋಡಬಹುದು ಎಂದಿತು. 2015ರ ಶಿಕ್ಷಣ ಕಾಯ್ದೆಯಲ್ಲಿ ಬಹುಹಂತದ ವ್ಯವಸ್ಥೆ ಹೆಸರಿನಿಂದಲೇ ಸೇರಿತು.

ಕೆಲಸ ನಡೆಯುವ ಬಗೆ ಸರಳ. ವರ್ಷಕ್ಕೆ ಮೂರು ಬಾರಿ ಶಾಲೆಯ ಎಲ್ಲ ಮಕ್ಕಳಿಗೂ ಕೆಲವೇ ನಿಮಿಷದ ಪರೀಕ್ಷೆ ಇರುತ್ತದೆ. ಓದಿನಲ್ಲಾದರೆ ಮಗು ನಿಮಿಷಕ್ಕೆ ಎಷ್ಟು ಪದಗಳನ್ನು ತಪ್ಪಿಲ್ಲದೆ ಓದುತ್ತದೆ ಎಂಬ ಎಣಿಕೆ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಡೆನೊ ಮತ್ತು ಸಂಗಡಿಗರು ರೂಪಿಸಿದ ಈ ಅಳತೆ ಕ್ಷುಲ್ಲಕವೆನಿಸಿದರೂ ಓದಿನ ಸ್ಥಿತಿಯನ್ನು ಚೆನ್ನಾಗಿ ಹೇಳುತ್ತದೆ. ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿದ್ದವರನ್ನು ಮೂರರಿಂದ ಐದು ಜನರ ಗುಂಪು ಮಾಡಿ, ವಾರದಲ್ಲಿ ಮೂರರಿಂದ ಐದು ದಿನ ಅರ್ಧ ಗಂಟೆಯಷ್ಟು ಪಾಠ ಹೇಳುತ್ತಾರೆ. ಇದು ತರಗತಿಯ ಪಾಠದ ಜೊತೆಗೆ ಸಿಗಬೇಕಾದದ್ದು, ಅದರ ಬದಲಿಗಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಮತ್ತೆ ಅಳೆದು ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಗೆರೆ ಮೇಲೇರಿದರೆ ಮಗು ಗುಂಪು ಬಿಡುತ್ತದೆ, ಏರದಿದ್ದರೆ ಪಾಠದ ಕ್ರಮ ಬದಲಾಗುತ್ತದೆ. ಮಗು ಸೋತರೆ ಮೊದಲು ಪ್ರಶ್ನೆಗೊಳಗಾಗುವುದು ಬೋಧನೆ.

ನಡತೆಯ ಭಾಗ ಇನ್ನೂ ಕುತೂಹಲಕರ. ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸುಗಾಯ್, ರಾಬರ್ಟ್ ಹಾರ್ನರ್ ಮುಂತಾದವರು ಬೆಳೆಸಿದ ಈ ಕ್ರಮದಲ್ಲಿ ಒಳ್ಳೆಯ ನಡತೆಯನ್ನೂ ಗಣಿತದಂತೆ ಕಲಿಸಬೇಕಾದ ವಿಷಯವೆಂದೇ ಎಣಿಸುತ್ತಾರೆ. ಶಾಲೆಗೆಲ್ಲ ಮೂರರಿಂದ ಐದು ನಿಯಮಗಳಿರುತ್ತವೆ, ಅವೂ 'ಮಾಡಬೇಡ' ಎನ್ನದೆ 'ಹೀಗೆ ಮಾಡು' ಎನ್ನುವಂಥವು. ಪಡಸಾಲೆಯಲ್ಲಿ ಹೇಗೆ, ಊಟದ ಜಾಗದಲ್ಲಿ ಹೇಗೆ ಎಂದು ಮಾಡಿ ತೋರಿಸಿ ಕಲಿಸುತ್ತಾರೆ. ಪದೇಪದೇ ತೊಂದರೆಗೆ ಸಿಕ್ಕುವ ಮಗು ಎರಡನೇ ಹಂತದಲ್ಲಿ ಬೆಳಿಗ್ಗೆ ಒಬ್ಬ ನಂಬಿಕೆಯ ಹಿರಿಯರನ್ನು ಕಂಡು ಚೀಟಿಯೊಂದನ್ನು ಪಡೆಯುತ್ತದೆ. ಪ್ರತಿ ಪೀರಿಯಡ್ಡಿನ ಶಿಕ್ಷಕರು ಅದರಲ್ಲಿ ಅಂಕ ಹಾಕುತ್ತಾರೆ, ಸಂಜೆ ಅದೇ ಹಿರಿಯರು ನೋಡಿ ಮನೆಗೆ ಕಳಿಸುತ್ತಾರೆ. ಮೂರನೇ ಹಂತದಲ್ಲಿ ಕೇಳುವ ಪ್ರಶ್ನೆ: ಈ ತುಂಟತನದಿಂದ ಮಗುವಿಗೆ ಸಿಗುವುದೇನು? ಗಟ್ಟಿಯಾಗಿ ಓದಲು ಬಾರದ ಹುಡುಗ ತನ್ನ ಸರದಿ ಬರುವ ಮುನ್ನ ಪಕ್ಕದವನನ್ನು ಚಿವುಟುತ್ತಾನೆ. ಶಿಕ್ಷಕರು ಹೊರಗೆ ನಿಲ್ಲಿಸುತ್ತಾರೆ. ಶಿಕ್ಷೆ ಎಂದುಕೊಂಡದ್ದು ಅವನಿಗೆ ಬಿಡುಗಡೆ. ಓದುವ ಅವಮಾನ ತಪ್ಪಿತು, ಚಿವುಟುವುದು ಫಲ ಕೊಡುತ್ತದೆಂದು ಅವನು ಕಲಿತ. ಅವನಿಗೆ ಬೇಕಿರುವುದು ಓದು ಕಲಿಸುವ ಅರ್ಧ ಗಂಟೆ. ಕಲಿಕೆ ಮತ್ತು ನಡತೆ ಎಂಬ ಎರಡು ಪಿರಮಿಡ್ಡುಗಳನ್ನು ಒಂದೇ ವ್ಯವಸ್ಥೆಯಡಿ ತಂದದ್ದಕ್ಕೆ ಇಂಥ ಹುಡುಗರೇ ಸಾಕಷ್ಟು ಕಾರಣ.

ಆಚರಣೆಯ ಫಲ ಮಾತ್ರ ಮಿಶ್ರವಾಗಿದೆ. 13 ರಾಜ್ಯಗಳ 146 ಶಾಲೆಗಳನ್ನು ನೋಡಿದ 2015ರ ಸರ್ಕಾರಿ ಅಧ್ಯಯನವೊಂದರಲ್ಲಿ, ಪರೀಕ್ಷೆಯಲ್ಲಿ ಗೊತ್ತುಮಾಡಿದ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿದ್ದು ಹೆಚ್ಚುವರಿ ನೆರವಿಗೆ ಹೋದ ಒಂದನೇ ತರಗತಿಯ ಮಕ್ಕಳು, ಆ ಮಟ್ಟಕ್ಕಿಂತ ಸ್ವಲ್ಪವೇ ಮೇಲಿದ್ದು ಹೋಗದ ಮಕ್ಕಳಿಗಿಂತ ಓದಿನಲ್ಲಿ ಹಿಂದುಳಿದರು. ತೀರಾ ಹಿಂದಿದ್ದ ಮಕ್ಕಳ ಬಗ್ಗೆ ಆ ಫಲಿತಾಂಶ ಏನನ್ನೂ ಹೇಳುವುದಿಲ್ಲ. ಆದರೆ ಹಲವು ಶಾಲೆಗಳಲ್ಲಿ ನೆರವಿನ ಗುಂಪು ತರಗತಿಯ ಓದಿನ ಪಾಠದ ವೇಳೆಯಲ್ಲೇ ನಡೆದಿತ್ತು ಎಂಬುದು ಗಮನಿಸಬೇಕಾದ ಮಾತು. ಫಿನ್ಲೆಂಡಿನ ಅನುಭವ ಬೇರೆ. ರೋಗನಿರ್ಣಯದ ಚೀಟಿಗೆ ಕಾಯದೆ ನೆರವು ಕೊಡುವ ಮೂರು ಹಂತಗಳನ್ನು ಆ ದೇಶ 2011ರಲ್ಲಿ ಜಾರಿಗೆ ತಂದು, 2025ರ ಆಗಸ್ಟ್‌ನಲ್ಲಿ ಕೈಬಿಟ್ಟಿತು. ಶಿಕ್ಷಕರ ಮೇಲೆ ಬಿದ್ದ ಕಾಗದಪತ್ರದ ಹೊರೆಯೂ ಅದಕ್ಕೊಂದು ಕಾರಣ.

ಕರ್ನಾಟಕಕ್ಕೆ ಈ ಹೆಸರು ಹೊಸದು, ಯೋಚನೆ ಅಷ್ಟು ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಯಾವ ಮೈಲಿಗಲ್ಲಿನಲ್ಲಿದೆಯೋ ಅದಕ್ಕೆ ತಕ್ಕ, 'ತಟ್ಟೆ' ಎಂದು ಕರೆಯುವ ಗುಂಪಿನಲ್ಲಿ ಕೂರುತ್ತದೆ: ಒಂದರಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಸಹಪಾಠಿಗಳ ನೆರವು, ಮತ್ತೊಂದರಲ್ಲಿ ಸ್ವಂತ ಕಲಿಕೆ. ನೆರವಿನ ಪ್ರಮಾಣ ಬದಲಾಗುತ್ತದೆ, ಮಗುವಿಗೆ ಹಣೆಪಟ್ಟಿ ಅಂಟುವುದಿಲ್ಲ. ಮೇಲಿನ ತರಗತಿಗಳಲ್ಲಿ ಇದಕ್ಕೆ ಬದಲಾಗಿ ಇರುವುದು ಪರಿಹಾರ ಬೋಧನೆ. ಅದು ಬಹಳಷ್ಟು ಕಡೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿಂತೆಯಿಂದ ಹುಟ್ಟುತ್ತದೆ, ಅಂದರೆ ಒಂಬತ್ತು ವರ್ಷ ತಡವಾಗಿ.

ಅಮೆರಿಕದ ಪಿರಮಿಡ್ಡನ್ನು ಇಲ್ಲಿಗೆ ಹಾಗೇ ತಂದು ನಿಲ್ಲಿಸಲಾಗದು. 2022ರ ಅಸರ್ ಎಂಬ ಶೈಕ್ಷಣಿಕ ಸಮೀಕ್ಷೆಯಂತೆ ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 42.8. ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೇ ಹಂತಕ್ಕೆ ಸೇರಬೇಕಾದ ತರಗತಿಯಲ್ಲಿ ಕೆಟ್ಟಿರುವುದು ಮೊದಲ ಹಂತವೇ. ಪ್ರಥಮ್ ಸಂಸ್ಥೆ ಬೆಳೆಸಿದ, ಇಲ್ಲಿ 'ಓದು ಕರ್ನಾಟಕ' ಎಂದು ನಾಲ್ಕು-ಐದನೇ ತರಗತಿಗಳಿಗೆ ಬಂದ ಕ್ರಮ ಈ ಕಾರಣಕ್ಕೇ ಕೆಲವರನ್ನು ಹೊರಗೆ ಕರೆಯುವುದಿಲ್ಲ. ದಿನದ ಒಂದಿಷ್ಟು ಹೊತ್ತು ಎಲ್ಲರನ್ನೂ ತರಗತಿ ಮರೆತು, ಅಕ್ಷರ, ಪದ, ಪ್ಯಾರಾ, ಕಥೆ ಎಂಬ ಮಟ್ಟದ ಪ್ರಕಾರ ಕೂರಿಸುತ್ತದೆ. ಇಬ್ಬರೇ ಶಿಕ್ಷಕರು ಐದು ತರಗತಿ ನಡೆಸುವ ಶಾಲೆಗೆ ಹೊಂದುವುದೂ ಇದೇ.

ಇಲ್ಲಿ ಮೂರನೇ ಹಂತದ ಸ್ಥಿತಿ ದುರ್ಬಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಪಟ್ಟಿಗೆ ಸೇರಿಸಿದೆ. ಆದರೆ ಅದನ್ನು ಬಲ್ಲ ಸಂಪನ್ಮೂಲ ಶಿಕ್ಷಕರು ಇರುವುದು ಶಾಲೆಗಲ್ಲ, ಬ್ಲಾಕಿಗೆ. ಅನೇಕ ಮಕ್ಕಳ ತಪಾಸಣೆಯ ಮಾತು ಏಳುವುದೇ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಸಮಯಕ್ಕೋ ಭಾಷಾ ವಿನಾಯಿತಿಗೋ ಪ್ರಮಾಣಪತ್ರ ಬೇಕಾದಾಗ.