ನಾಲ್ಕು ಸಾಲಿನ ಹಾಳೆ, ಏಳು ತಾಲ್ಲೂಕಿನ ಜಿಲ್ಲೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಇದ್ದದ್ದು ಈ ನಾಲ್ಕೇ ತಾಲ್ಲೂಕು. ಈಗ ಕಾರಟಗಿ, ಕನಕಗಿರಿ, ಕುಕನೂರು ಸೇರಿ ಏಳಾಗಿವೆ. ಪದವಿ ಮುಗಿಸಿ ನಾನು ಹೊರಗುತ್ತಿಗೆಯ ಮೇಲೆ ಡೇಟಾ ಎಂಟ್ರಿಗೆ ಸೇರಿದ್ದ ಕಚೇರಿಯ ಎಕ್ಸೆಲ್ ನಮೂನೆಗೆ ಮಾತ್ರ ಈ ಸುದ್ದಿ ತಲುಪಿರಲಿಲ್ಲ. ಅದರಲ್ಲಿ ಇನ್ನೂ ನಾಲ್ಕೇ ಸಾಲು.

ಬೆಳಿಗ್ಗೆ ತಂತ್ರಾಂಶದಿಂದ ವರದಿ ಇಳಿಸಿಕೊಳ್ಳುವುದು, ಅಂಕಿಗಳನ್ನು ಕಾಪಿ ಮಾಡಿ ನಮೂನೆಯಲ್ಲಿ ಅಂಟಿಸುವುದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ನನ್ನ ಕೆಲಸ. ತಂತ್ರಾಂಶ ಏಳು ಸಾಲು ಕೊಡುತ್ತಿತ್ತು. ನಮೂನೆಯಲ್ಲಿ ಜಾಗವಿಲ್ಲದ ಮೂರನ್ನು ನಾನು ಬಿಟ್ಟುಬಿಡುತ್ತಿದ್ದೆ. ಸುಮಾರು ದಿನ ಯಾರೂ ಗಮನಿಸಲಿಲ್ಲ. ಒಂದು ದಿನ ಫೋನ್ ಬಂತು. "ಗಂಗಾವತಿದು ಯಾಕಪಾ ಇಷ್ಟು ಇಳದೈತಿ? ಈ ಲೆಕ್ಕ ನಿನ್ನೇದೋ ಇವತ್ತಿಂದೋ?" "ಇವತ್ತಿಂದ ಐತ್ರಿ ಸರ" ಎಂದೆ. ಅದು ನಿಜವೇ ಆಗಿತ್ತು, ಲೆಕ್ಕ ಮಾತ್ರ ತಪ್ಪಾಗಿತ್ತು. ಗಂಗಾವತಿಯ ಹಳ್ಳಿಗಳು ಕಾರಟಗಿ, ಕನಕಗಿರಿಗೆ ಹೋಗಿದ್ದವು, ನಾನು ಅವನ್ನು ಜಿಲ್ಲೆಯಿಂದಲೇ ಹೊರಗೆ ಹಾಕಿದ್ದೆ.

ಈ ಕಾಪಿ-ಪೇಸ್ಟ್‌ಗೆ ಪರಿಹಾರ ಹೊಸದೇನಲ್ಲ. ಎಕ್ಸೆಲ್‌ನ ಡೇಟಾ ಟ್ಯಾಬ್‌ನಲ್ಲಿ 'ಗೆಟ್ ಡೇಟಾ' ಎಂಬ ಗುಂಡಿ ಇದೆ. 2016ರ ಆವೃತ್ತಿಯಿಂದ ಪವರ್ ಕ್ವೆರಿ ಎಕ್ಸೆಲ್‌ನೊಳಗೇ ಸೇರಿದೆ. ಡೇಟಾಬೇಸ್‌ನ ವಿಳಾಸ, ಬಳಕೆದಾರನ ಹೆಸರು, ಗುಪ್ತಪದ ಕೊಟ್ಟು ಬೇಕಾದ ಪಟ್ಟಿ ಆರಿಸಿದರೆ ಅದು ಹಾಳೆಗೆ ಬಂದು ಕೂರುತ್ತದೆ. ಮಾರನೆಯ ದಿನ 'ರಿಫ್ರೆಶ್' ಒತ್ತಿದರೆ ಸಾಕು. ಫೈಲ್ ತೆರೆದಾಗಲೆಲ್ಲ ಅಥವಾ ಇಷ್ಟಿಷ್ಟು ನಿಮಿಷಕ್ಕೊಮ್ಮೆ ತಾನೇ ಹೊಸದಾಗುವಂತೆಯೂ ಮಾಡಬಹುದು. ಇದನ್ನು 'ಲೈವ್' ಎನ್ನುತ್ತಾರೆ, ಆದರೆ ಆ ಮಾತು ಸ್ವಲ್ಪ ದೊಡ್ಡದಾಯಿತು. ಹಳ್ಳಿಯಲ್ಲಿ ಮೂರು ದಿನ ತಡವಾಗಿ ದಾಖಲಿಸಿದ ಅಂಕಿ, ಹಾಳೆ ಎಷ್ಟು ಸಲ ರಿಫ್ರೆಶ್ ಆದರೂ ಮೂರು ದಿನ ಹಳೆಯದೇ.

ನಡುವೆ ಕೂತ ಹಾಳೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಇಂಗ್ಲೆಂಡ್ ದೊಡ್ಡ ಬೆಲೆ ತೆತ್ತಿದೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ 15,841 ಕೋವಿಡ್ ಪ್ರಕರಣಗಳು ಅಲ್ಲಿನ ದೈನಿಕ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳ ಫಲಿತಾಂಶವನ್ನು ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲ್‌ಗೆ ತುಂಬಲಾಗುತ್ತಿತ್ತು. ಅದರಲ್ಲಿ ಹಿಡಿಸುವುದು 65,536 ಸಾಲು ಮಾತ್ರ. ಮಿಕ್ಕವು ಸದ್ದಿಲ್ಲದೆ ಉದುರಿದವು. ಸೋಂಕಿತರಿಗೆ ಫಲಿತಾಂಶ ಸಿಕ್ಕಿತ್ತು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು. ನನ್ನ ನಾಲ್ಕು ಸಾಲಿನ ನಮೂನೆಯ ಅಣ್ಣ ಅದು.

ನಮ್ಮ ಜಿಲ್ಲೆಯಲ್ಲಿ ಅಂಕಿಗಾಗಿ ಜನ ನಿದ್ದೆಗೆಟ್ಟ ರಾತ್ರಿಯೂ ಇದೆ. 2024ರ ಆಗಸ್ಟ್ 10ರ ರಾತ್ರಿ ಮುನಿರಾಬಾದ್ ಬಳಿಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳಿಂದಲೂ ನೀರು ಬಿಟ್ಟರು. ಗಂಗಾವತಿ, ಕಾರಟಗಿ ಭಾಗದ ಭತ್ತದ ರೈತರಿಗೆ ಬೇಕಿದ್ದದ್ದು ಒಂದೇ ಉತ್ತರ: ಈಗ ಎಷ್ಟು ಟಿಎಂಸಿ ಉಳಿದಿದೆ? ವಾರದೊಳಗೆ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸುವವರೆಗೆ ನಮ್ಮೂರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಅಂಕಿಗಳಲ್ಲಿ ಅನೇಕಕ್ಕೆ ಗಂಟೆಯೂ ಇರಲಿಲ್ಲ, ತಾರೀಖೂ ಇರಲಿಲ್ಲ. ಬೆಳಗಿನ ಅಂಕಿ ಸಂಜೆ ಮತ್ತೆ 'ಈಗಷ್ಟೇ ಬಂದ ಸುದ್ದಿ'ಯಾಗಿ ಬರುತ್ತಿತ್ತು.

ಆದರೆ ಅಣೆಕಟ್ಟೆಯೇ ಇನ್ನೊಂದು ಪಾಠವನ್ನೂ ಹೇಳುತ್ತದೆ. ಅಳೆಯುವುದು ನೀರಿನ ಮಟ್ಟವನ್ನು, ಟಿಎಂಸಿಯನ್ನಲ್ಲ. ಮಟ್ಟಕ್ಕೆ ಎಷ್ಟು ನೀರು ಎಂಬುದನ್ನು ಒಂದು ಕೋಷ್ಟಕ ಹೇಳುತ್ತದೆ. 1633 ಅಡಿ ತುಂಬಿದರೆ ಕಟ್ಟಿದ ಕಾಲಕ್ಕೆ ಸುಮಾರು 133 ಟಿಎಂಸಿ, ಹೂಳು ತುಂಬಿದ ಮೇಲೆ 105.788 ಟಿಎಂಸಿ. ಹಾಳೆಗೆ ಮಟ್ಟ ಕ್ಷಣಕ್ಷಣಕ್ಕೂ ಬರುತ್ತಿದ್ದರೂ, ಹಿಂದೆ ಕೂತ ಕೋಷ್ಟಕ ಹಳೆಯದಾದರೆ ಇಲ್ಲದ ನೀರನ್ನು ಲೆಕ್ಕ ತೋರಿಸುತ್ತದೆ. ಜೋಡಣೆ ವೇಗ ಕೊಡುತ್ತದೆ ಅಷ್ಟೇ, ತಪ್ಪನ್ನೂ ಅಷ್ಟೇ ವೇಗವಾಗಿ ತರುತ್ತದೆ.

ಹೆಸರುಗಳ ಗೋಳು ಬೇರೆ. ಗಂಗಾವತಿಯ ಕೊನೆಯ 'ತಿ'ಯನ್ನು ಇಂಗ್ಲಿಷಿನಲ್ಲಿ ಒಬ್ಬರು ಟಿ-ಐ ಎಂದು ಬರೆದರೆ ಇನ್ನೊಬ್ಬರು ಟಿ-ಎಚ್-ಐ ಎನ್ನುತ್ತಾರೆ. ಕಂಪ್ಯೂಟರ್‌ಗೆ ಅವು ಎರಡು ಊರು. ಇದಕ್ಕೆಂದೇ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಕೋಶವು ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿಗೂ ಒಂದೊಂದು ಸಂಕೇತ ಸಂಖ್ಯೆ ಕೊಟ್ಟಿದೆ. ಹೆಸರು ಬಿಟ್ಟು ಸಂಖ್ಯೆಯ ಮೇಲೆ ಜೋಡಿಸಿದರೆ ಈ ತಲೆನೋವಿಲ್ಲ.

ಹಾಗಾದರೆ ಕಚೇರಿಗಳು ಯಾಕೆ ಜೋಡಿಸುವುದಿಲ್ಲ? ಡೇಟಾಬೇಸ್‌ನ ಬೀಗದ ಕೈಯನ್ನು ಹೊರಗುತ್ತಿಗೆಯವನಿಗೆ ಕೊಡಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಫಲಾನುಭವಿಗಳ ಆಧಾರ್, ಬ್ಯಾಂಕ್ ಖಾತೆ ಅಲ್ಲೇ ಇರುತ್ತವೆ, ಗುಪ್ತಪದ ಉಳಿಸಿಟ್ಟ ಎಕ್ಸೆಲ್ ಫೈಲ್ ಒಂದು ಪೆನ್‌ಡ್ರೈವ್‌ನಲ್ಲಿ ಊರು ಸುತ್ತಬಹುದು. ಆದರೆ ಓದಲು ಮಾತ್ರ ಅನುಮತಿಯಿರುವ, ಹೆಸರಿಲ್ಲದ ಒಟ್ಟು ಅಂಕಿಗಳಷ್ಟೇ ಕಾಣುವ ಖಾತೆ ಕೊಡಲು ತೊಡಕಿಲ್ಲ. ಕೇಂದ್ರದ ಮುಕ್ತ ದತ್ತಾಂಶ ಪೋರ್ಟಲ್ ಎಪಿಎಂಸಿಗಳ ದಿನದ ಧಾರಣೆಯನ್ನು ಎಪಿಐ ಮೂಲಕ ಹಾಗೆಯೇ ಎಲ್ಲರಿಗೂ ಕೊಡುತ್ತಿದೆ. ನೋಂದಾಯಿಸಿ ಕೀಲಿ ಪಡೆದರೆ ನಿಮ್ಮ ಹಾಳೆಗೂ ಅದು ಬರುತ್ತದೆ.

ಗೆಳೆಯರು ಕೇಳುವ ಪ್ರಶ್ನೆ ಬೇರೆ. "ಲೇ, ಎಲ್ಲಾ ತಾನ ಬಂದು ಕುಂತ್ರ ನಮ್ಮ ಕೆಲ್ಸ ಏನಾಕ್ಕೈತಿ?" ಸುಳ್ಳು ಹೇಳಲಾರೆ, ಬರೀ ಅಂಟಿಸುವ ಕೆಲಸ ಹೋಗುತ್ತದೆ. ನಾನು ಬೆಳಗಿನ ಎರಡು ಗಂಟೆ ಮಾಡುತ್ತಿದ್ದದ್ದು ಒಂದು ಗುಂಡಿಯ ಕೆಲಸ. ಆದರೆ ಗಂಗಾವತಿ ಯಾಕೆ ಇಳಿಯಿತು ಎಂದು ಫೋನ್ ಬಂದಾಗ ಉತ್ತರ ಹುಡುಕಬೇಕಾದದ್ದು ಮನುಷ್ಯನೇ. ಕಂಪ್ಯೂಟರ್ ತರಬೇತಿಯಲ್ಲಿ ನನಗೆ ಕಲಿಸಿದ್ದು ಕೂಡುವ ಸೂತ್ರ, ಬಣ್ಣ ತುಂಬುವುದು, ಪ್ರಿಂಟ್ ತೆಗೆಯುವುದು. ಅಂಕಿ ಎಲ್ಲಿಂದ ಬರುತ್ತದೆ ಎಂದು ಯಾರೂ ಕಲಿಸಲಿಲ್ಲ.

ಎಸ್‌ಡಿಎ, ಪಿಡಿಒ ಪರೀಕ್ಷೆಗೆ ಓದುತ್ತಿರುವವರು ಒಂದು ಭಾನುವಾರ ಹೀಗೆ ಮಾಡಿ ನೋಡಿ. ಉಚಿತವಾಗಿ ಸಿಗುವ ಮೈಎಸ್‌ಕ್ಯೂಎಲ್ ಹಾಕಿಕೊಂಡು ಎರಡು ಪಟ್ಟಿ ಮಾಡಿ: ಒಂದರಲ್ಲಿ ತಾಲ್ಲೂಕುಗಳು, ಇನ್ನೊಂದರಲ್ಲಿ ಗ್ರಾಮ ಪಂಚಾಯಿತಿಗಳು ಮತ್ತು ಯಾವುದಾದರೊಂದು ಅಂಕಿ. ಎಕ್ಸೆಲ್ ಅಥವಾ ಲಿಬ್ರೆಆಫೀಸ್‌ಗೆ ಜೋಡಿಸಿ. ಆಮೇಲೆ ಡೇಟಾಬೇಸ್‌ನಲ್ಲಿ ಒಂದು ಪಂಚಾಯಿತಿಯನ್ನು ಗಂಗಾವತಿಯಿಂದ ಕಾರಟಗಿಗೆ ಬದಲಿಸಿ, ಹಾಳೆಗೆ ಬಂದು ರಿಫ್ರೆಶ್ ಒತ್ತಿ. ಎರಡೂ ತಾಲ್ಲೂಕಿನ ಮೊತ್ತ ಬದಲಾಗುತ್ತದೆ, ಜಿಲ್ಲೆಯದು ಅಲುಗುವುದಿಲ್ಲ.

ನನ್ನ ಕಚೇರಿಯಲ್ಲಿ ಆ ಖಾತೆ ಕೊನೆಗೂ ಸಿಗಲಿಲ್ಲ. ನಮೂನೆಗೆ ಮೂರು ಸಾಲು ಸೇರಿಸಿದೆ. ಮೇಲಿನ ಮೊದಲ ಕೋಶದಲ್ಲಿ, ವರದಿ ಇಳಿಸಿಕೊಂಡ ದಿನ ಮತ್ತು ಗಂಟೆ ಬರೆಯತೊಡಗಿದೆ. ಅದನ್ನು ಯಾಕೆ ಹಾಕುತ್ತೀ, ಹಾಳೆ ಚೆಂದ ಕಾಣುವುದಿಲ್ಲ, ತೆಗೆ ಎಂದು ಎರಡು ಸಲ ಹೇಳಿದರು. ಕೆಲಸ ಬಿಡುವವರೆಗೂ ತೆಗೆಯಲಿಲ್ಲ.